ಬಾಯಿ ತೆರೆದು ತೋರಿಸಿದ ಅತ್ತಿಗೆ

ಊಟಕ್ಕೆ ಕೂತ ಅತ್ತಿಗೆ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. "ಏನೇ ಇದು, ಇಷ್ಟೊಂದು ಖಾರ!"

ಅಡುಗೆ ಮಾಡಿದ್ದು ನಾದಿನಿ. ಮನೆಯಲ್ಲಿ ಮೆಣಸಿನಕಾಯಿ ಮುಗಿದಿತ್ತು, ಅವಳು ಹಾಕಿರಲೇ ಇಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳಿಗೆ ಅನುಮಾನ ಬಂತು.

"ಅತ್ತಿಗೆ, ಬಾಯಿ ತೆಗೀರಿ."

"ಬಿಡೇ, ಉಷ್ಣಕ್ಕೆ ಹುಣ್ಣಾಗಿದೆ. ಒಂದು ತಿಂಗಳಿಂದ ಹಿಂಗೇ."

ನಾದಿನಿ ಬಿಡಲಿಲ್ಲ. ಮೊಬೈಲಿನ ಬೆಳಕು ಹಿಡಿದು ನೋಡಿದಳು. ಕೆನ್ನೆಯ ಒಳಗೆ ಬಿಳಿ ಮಚ್ಚೆ, ನಡುವೆ ಕೆಂಪು ಹುಣ್ಣು.

"ಇಲ್ಲಿ ಏನು ಇಟ್ಕೊಳ್ತೀರಿ?"

"ತಂಬಾಕು," ಎಂದಳು ಅತ್ತಿಗೆ ತಲೆ ತಗ್ಗಿಸಿ. ಬಟ್ಟೆ ಫ್ಯಾಕ್ಟರಿಯಲ್ಲಿ ಅವಳದು ಅಂಗಿಗೆ ತೋಳು ಜೋಡಿಸುವ ಕೆಲಸ. ಬೆಳಿಗ್ಗೆ ಮಿಷನ್ ಮುಂದೆ ಕೂತರೆ ಮಧ್ಯಾಹ್ನದವರೆಗೂ ಏಳುವಂತಿಲ್ಲ. ಹಸಿವಾದರೂ ನಿದ್ದೆ ಬಂದರೂ ಸಾಲಿನ ಹೆಂಗಸರು ಕೆನ್ನೆಯೊಳಗೆ ಚಿಟಿಕೆ ತಂಬಾಕು ಇಟ್ಟುಕೊಳ್ಳುತ್ತಿದ್ದರು. ಪೊಟ್ಟಣ ತಂದು ಮಾರುತ್ತಿದ್ದವನು ಅವರ ಸೂಪರ್‌ವೈಸರನೇ.

"ನಾನೇನು ಸಿಗರೇಟು ಸೇದ್ತೀನಾ? ಕ್ಯಾನ್ಸರು ಗಿನ್ಸರು ಎಲ್ಲಾ ಗಂಡಸರಿಗೆ ಬರೋದು."

"ಯಾರು ಹೇಳಿದ್ದು ನಿಮಗೆ? ಹೊಗೆ ಬರದಿದ್ರೂ ವಿಷ ವಿಷಾನೇ. ಹುಣ್ಣು ಎರಡು ವಾರದಲ್ಲಿ ಮಾಯದಿದ್ರೆ ಡಾಕ್ಟರಿಗೆ ತೋರಿಸಲೇಬೇಕು. ಮನೇಲಿ ನಾನೊಬ್ಬಳು ನರ್ಸ್ ಅಂತ ಇದ್ದೀನಿ, ನನ್ನ ಹತ್ರಾನೂ ಮುಚ್ಚಿಟ್ರಲ್ಲ!" ಸಿಟ್ಟಿಗೆ ನಾದಿನಿಯ ಕಣ್ಣು ತುಂಬಿತು.

ಪಕ್ಕದಲ್ಲಿದ್ದ ಅಣ್ಣ ನಕ್ಕ. "ಒಂದು ಹುಣ್ಣಿಗೆ ಇಷ್ಟೊಂದು ರಂಪ ಯಾಕೆ?"

"ನೀನು ಸುಮ್ನಿರಣ್ಣ! ನೀನು ಸಿಗರೇಟೂ ಸೇದ್ತೀಯ, ಕುಡೀತೀಯ ಬೇರೆ. ಎರಡೂ ಸೇರಿದ್ರೆ ಅಪಾಯ ಇನ್ನೂ ಜಾಸ್ತಿ. ಮುಂದಿನ ಸರದಿ ನಿಂದು."

ಮರುದಿನವೇ ಅತ್ತಿಗೆಯನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಮಚ್ಚೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ.

"ಇನ್ನೂ ಕ್ಯಾನ್ಸರ್ ಆಗಿಲ್ಲಮ್ಮ, ಆದ್ರೆ ಆ ದಾರಿ ಹಿಡಿದಿತ್ತು," ಎಂದರು ಡಾಕ್ಟರು. "ಮಚ್ಚೆ ತೆಗೆದುಬಿಡೋಣ. ತಂಬಾಕು ಇವತ್ತೇ ನಿಲ್ಲಬೇಕು. ಆಮೇಲೂ ಕರೆದಾಗೆಲ್ಲ ಬಂದು ತೋರಿಸಬೇಕು." ಕೆನ್ನೆಯನ್ನು ಒಳಗಿಂದ ತರಚುತ್ತಿದ್ದ ಚೂಪು ಹಲ್ಲನ್ನೂ ನಯ ಮಾಡಿಸಿದರು.

ಮಚ್ಚೆ ತೆಗೆದು ಹೊಲಿಗೆ ಹಾಕಿದ ಗಾಯ ಮಾಯ್ದ ಮೇಲೆ ಅತ್ತಿಗೆ ಕೆಲಸಕ್ಕೆ ಹೋದಳು. ಸೂಪರ್‌ವೈಸರ್ ಹಲ್ಲು ಕಿರಿಯುತ್ತ ಪೊಟ್ಟಣ ಚಾಚಿದ. "ತಗೋಮ್ಮ, ಕೈ ಚುರುಕಾಗುತ್ತೆ."

ಅತ್ತಿಗೆ ಮಿಷನ್ ನಿಲ್ಲಿಸಿ ಎದ್ದು ನಿಂತಳು. ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಎಳೆದು, ಹೊಲಿಗೆಯ ಗುರುತನ್ನು ಅವನ ಮುಖಕ್ಕೇ ಹಿಡಿದಳು. "ನೋಡಿ ಸಾರ್, ನಿಮ್ಮ ಪೊಟ್ಟಣದ ಉಪಕಾರ!"

"ಬಾಯಿ ಮುಚ್ಕೊಂಡು ಕೆಲಸ ಮಾಡು."

"ಮುಚ್ಕೊಂಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು! ಹಸಿದಾಗ ತಿನ್ನೋಕೆ ಬಿಡಲ್ಲ, ವಿಷ ಮಾತ್ರ ಕೈಗೇ ತಂದ್ಕೊಡ್ತೀರಿ. ನಿಮ್ಮ ಹೆಂಡ್ತಿ ಮಕ್ಕಳಿಗೂ ಹಿಂಗೇ ಕೊಡ್ತೀರಾ?"

ಪಕ್ಕದ ಮಿಷನ್ ನಿಂತಿತು. ಅದರಾಚೆಯದೂ ನಿಂತಿತು. ಇಡೀ ಸಾಲು ಸದ್ದಡಗಿದಾಗ ಮ್ಯಾನೇಜರ್ ಓಡಿಬಂದರು. ಬೆಳಗಿನ ಹೊತ್ತು ತಿಂಡಿಗೆ ಬಿಡುವು ಕೊಡುವುದಾಗಿ, ಒಳಗೆ ತಂಬಾಕು ಮಾರಲು ಬಿಡುವುದಿಲ್ಲವೆಂದು ಒಪ್ಪಿದ ಮೇಲೇ ಹೆಂಗಸರು ಮತ್ತೆ ಕೂತಿದ್ದು.

ಅಣ್ಣನೂ ಸಿಗರೇಟು ಬಿಡಲು ಆಸ್ಪತ್ರೆಯ ಸಲಹೆ ಕೇಳಿದ. ನಡುವೆ ಒಮ್ಮೆ ಜಾರಿದ. ತಂಗಿಯಿಂದ ಚೆನ್ನಾಗಿ ಬೈಸಿಕೊಂಡು ಮತ್ತೆ ಬಿಟ್ಟ. ಕುಡಿತವನ್ನೂ ಬಿಟ್ಟ.

ಅಕ್ಕಂದಿರೇ, ಅಣ್ಣಂದಿರೇ, ಸೇದುವುದಿರಲಿ, ಜಗಿಯುವುದಿರಲಿ, ತಂಬಾಕು ಬೇಡವೇ ಬೇಡ. ಅಡಿಕೆಯೂ ಬೇಡ, ಕುಡಿತವೂ ಬೇಡ. ದಿನಕ್ಕೆರಡು ಸಲ ಹಲ್ಲುಜ್ಜಿ, ಹಣ್ಣು ತರಕಾರಿ ತಿನ್ನಿ. ಆಗಾಗ ಕನ್ನಡಿ ಮುಂದೆ ನಿಂತು ನಾಲಿಗೆಯ ಅಡಿ, ಕೆನ್ನೆಯ ಒಳಗು ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಗಂಟು ಕಂಡರೆ, ಬಾಯಿ ತೆರೆಯಲು ಕಷ್ಟವಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಬಿಡಲು ಆಗುತ್ತಿಲ್ಲವೇ? ಸಹಾಯ ಕೇಳಿ. ಕೇಳಲು ನಿಮಗೇಕೆ ನಾಚಿಕೆ? ನಾಚಬೇಕಾದವರು ಅದನ್ನು ನಿಮ್ಮ ಕೈಗಿಟ್ಟು ಕಾಸು ಮಾಡಿಕೊಳ್ಳುವವರು!