ಆರು ನಿಮಿಷದ ಮೌನ

ಭಾನುವಾರ ಮಧ್ಯಾಹ್ನ ಒಂದು ಹಳೇ ದೆವ್ವದ ಸಿನಿಮಾ ತೋರಿಸಲು ನಲವತ್ತು ಟಿಕೆಟ್ ಖರ್ಚು. ನಾನು ಕೌಂಟರಿನವಳು, ನನ್ನ ಲೆಕ್ಕವೆಲ್ಲ ಟಿಕೆಟ್ಟಿನಲ್ಲೇ. ಪ್ರಿಂಟಿನ ಬಾಡಿಗೆಗೆ ಹದಿನಾಲ್ಕು, ಕರೆಂಟಿಗೆ ಹನ್ನೊಂದು, ಮೆಷಿನ್ನಿನ ಸವಕಳಿಗೆ ನಾಲ್ಕು, ಕಸ ಗುಡಿಸುವವರಿಗೆ ಮೂರು, ನನಗೆ ಎರಡು, ಭಾವನಿಗೆ ಆರು. ನಲವತ್ತೊಂದನೆಯದರಿಂದ ಲಾಭ. ಆ ನಲವತ್ತೊಂದನೆಯದನ್ನು ನಾನು ಹರಿದದ್ದು ಅಪರೂಪ.

ಭಾವ ಅಂದರೆ ತೀರಿಹೋದ ನನ್ನ ಅಕ್ಕನ ಗಂಡ. ನಲವತ್ತೆರಡು ವರ್ಷದಿಂದ ಇದೇ ಟಾಕೀಸಿನ ಮೇಲಿನ ಕ್ಯಾಬಿನ್ನಿನಲ್ಲಿ ರೀಲು ಓಡಿಸಿದವರು. ಈಗ ವಾರವಿಡೀ ಸಿನಿಮಾ ಕಂಪ್ಯೂಟರಿನಲ್ಲೇ ಬರುತ್ತದೆ. ಓನರಮ್ಮನ ತಮ್ಮ ಗುಂಡಿ ಒತ್ತಿ ಕಾಫಿಗೆ ಹೋಗುತ್ತಾನೆ. ಭಾವನ ಹಳೇ ಮೆಷಿನ್ನಿಗೆ ಉಳಿದದ್ದು ಭಾನುವಾರದ ಒಂದೇ ಆಟ. ಅದನ್ನೂ ಓನರಮ್ಮ ಎಂಟು ವಾರ ನೋಡೋಣ ಅಂದಿದ್ದರು. ಎಂಟನೇ ವಾರವೂ ನಲವತ್ತು ತುಂಬದಿದ್ದರೆ ಕ್ಯಾಬಿನ್ನಿಗೆ ಬೀಗ. ಹೆಂಗಸು ಕೆಟ್ಟವಳಲ್ಲ. ಕರೆಂಟಿನವರು ಯಾರ ಮುಖ ನೋಡಿಯೂ ಬಿಲ್ಲು ಕಡಿಮೆ ಮಾಡುವುದಿಲ್ಲವಲ್ಲ.

ಎಂಟನೇ ವಾರ ನಾನು ಹರಿದದ್ದು ಮೂವತ್ತನಾಲ್ಕು.

ಅದರಲ್ಲಿ ಹನ್ನೊಂದು ಜನ ಖಾಯಂ ಗಿರಾಕಿಗಳು. ತಮ್ಮನ್ನು ತಾವೇ 'ಹೆದರುವವರ ಸಂಘ' ಎಂದು ಕರೆದುಕೊಳ್ಳುತ್ತಾರೆ. ಆಟ ಮುಗಿದ ಮೇಲೆ ಹೊರಗಿನ ಹಾಲಿನಲ್ಲಿ ಕಾಫಿ ಕುಡಿಯುತ್ತ ಒಂದು ಗಂಟೆ ಜಗಳವಾಡಿದರೇನೇ ಅವರಿಗೆ ಸಿನಿಮಾ ನೋಡಿದಂತೆ. ಜಗಳಕ್ಕೂ ಒಂದು ಕಟ್ಟಳೆ ಉಂಟು. ಬಾಯಿ ಬಿಡುವ ಮುಂಚೆ ಪ್ರತಿಯೊಬ್ಬರೂ ತಮ್ಮ ಟಿಕೆಟ್ಟಿನ ಹಿಂದೆ, ತಾವು ಯಾವ ಜಾಗದಲ್ಲಿ ಹೆದರಿದೆವು ಅಂತ ಬರೆದು ನನ್ನ ಡಬ್ಬಿಗೆ ಹಾಕಬೇಕು. ಸುಳ್ಳು ಬರೆದು ಸಿಕ್ಕಿಬಿದ್ದರೆ ಎಲ್ಲರ ಕಾಫಿ ಅವರ ತಲೆಗೆ.

ಹಳೇ ಸಿನಿಮಾದ ಪಕ್ಷಕ್ಕೆ ನಿವೃತ್ತ ಟೀಚರು ಲೆಕ್ಕದ ಮೇಡಂ ಮುಂದಾಳು. ಹೊಸದರ ಪಕ್ಷಕ್ಕೆ ಲಿಫ್ಟ್ ರಿಪೇರಿ ಮಾಡುವವನೊಬ್ಬ. ಅವನನ್ನು ಎಲ್ಲರೂ ಲಿಫ್ಟಪ್ಪ ಅನ್ನುತ್ತಾರೆ. ಆ ದಿನ ಆಟಕ್ಕೆ ಮುಂಚೆಯೇ ಇಬ್ಬರೂ ಶುರು ಮಾಡಿದ್ದರು.

"ಮೇಡಂ, ನಿಮ್ಮ ಹಳೇ ದೆವ್ವಗಳು ಇನ್‌ಸ್ಪೆಕ್ಷನ್ನಿಗೆ ಬರೋ ಸಾಹೇಬರ ಥರ. ಮೊದಲು ಗಾಳಿ, ಆಮೇಲೆ ಕಿಟಕಿ, ಆಮೇಲೆ ದೀಪ. ಇಷ್ಟೆಲ್ಲ ನೋಟೀಸ್ ಕೊಟ್ಟ ಮೇಲೆ ಹೆದರೋದು ಯಾರು?"

"ನಿನ್ನ ಹೊಸ ದೆವ್ವಕ್ಕೆ ಅಷ್ಟು ಮರ್ಯಾದೆನೂ ಇಲ್ಲವಲ್ಲಪ್ಪ. ಬೆನ್ನ ಹಿಂದೆ ಬಂದು ಪಾತ್ರೆ ಬೀಳಿಸುತ್ತೆ. ಅದನ್ನ ನಮ್ಮನೆ ಬೆಕ್ಕು ದಿನಾ ಬಿಟ್ಟಿ ಮಾಡುತ್ತೆ. ಬೆಚ್ಚಿಬೀಳೋದೇ ಬೇರೆ, ಹೆದರೋದೇ ಬೇರೆ."

"ಎಲ್ಲ ಹಾಗಿರಲ್ಲ. ಹೋದ ತಿಂಗಳು ಬಂದಿತ್ತಲ್ಲ, ಮರೆವಿನ ಕಾಯಿಲೆಯ ಅಪ್ಪನ ಕಥೆ? ಮಗಳು ಊಟ ತಂದಿಟ್ಟರೆ, 'ನೀನು ಯಾರು' ಅಂತ ಅಪ್ಪ ಕೇಳ್ತಾನೆ. ಅವನಿಗೆ ಮಗಳೇ ದೆವ್ವ. ಅದನ್ನ ನೋಡಿ ಬಂದು ನಮ್ಮಮ್ಮನಿಗೆ ಫೋನ್ ಮಾಡಿದೆ. ಸುಮ್ಮನೆ ನನ್ನ ಹೆಸರು ಕರೀ ಅಂದೆ."

"ಅದು ಚೆನ್ನಾಗಿತ್ತು," ಅಂದರು ಮೇಡಂ. "ಆದರೆ ಇವತ್ತಿನದನ್ನ ನೋಡಿ ಆಮೇಲೆ ಮಾತಾಡು. ನಾನು ಏಳು ಸಲ ನೋಡಿದೀನಿ."

ಅವತ್ತಿನದು ಕಪ್ಪು-ಬಿಳುಪು ಚಿತ್ರ. ರಜೆಯಲ್ಲಿ ಖಾಲಿಯಾದ ಒಂದು ಹಾಸ್ಟೆಲ್ಲು, ಅಲ್ಲಿ ಒಬ್ಬಳೇ ಮೇಲ್ವಿಚಾರಕಿ. ನೆಲದಡಿಯ ನೀರಿನ ತೊಟ್ಟಿಯಿಂದ ಯಾರೋ ತನ್ನನ್ನು ಕರೆದಂತಾಗಿ ಅವಳು ಲಾಂದ್ರ ಹಿಡಿದು ಮೆಟ್ಟಿಲಿಳಿಯುತ್ತಾಳೆ. ಆ ಜಾಗದಲ್ಲಿ ಮಾತಿಲ್ಲ. ಗಾಳಿಯ ಸದ್ದು, ಪಿಟೀಲು, ಅಷ್ಟೇ. ಬೆಳಿಗ್ಗೆ ಭಾವ ರೀಲು ಪರೀಕ್ಷೆ ಮಾಡುವಾಗ ಕೇಳಿದ್ದೆ. ಕೌಂಟರಿನ ಗಾಜೂ ನಡುಗುವಂಥ ಪಿಟೀಲು.

ಮಧ್ಯಾಹ್ನ ಆಟದ ನಡುವೆ ಕಾಫಿ ಲೋಟ ತೊಳೆದು ನಲ್ಲಿ ನಿಲ್ಲಿಸಿದೆ. ಗಾಜು ನಡುಗುತ್ತಿರಲಿಲ್ಲ. ಬಾಗಿಲು ಸರಿಸಿ ಇಣುಕಿದರೆ ಪರದೆಯ ಮೇಲೆ ಅವಳು ಮೆಟ್ಟಿಲಿಳಿಯುತ್ತಿದ್ದಾಳೆ, ಸದ್ದೇ ಇಲ್ಲ. ಮೂವತ್ತನಾಲ್ಕು ಜನರಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲ.

ಓಡಿ ಮೇಲೆ ಹತ್ತಿದೆ. ರೀಲಿನ ಅಂಚಿನಲ್ಲಿ ಸದ್ದಿನದೇ ಒಂದು ಗೆರೆ ಇರುತ್ತದೆ. ಅದನ್ನು ಓದಿಸಲು ಮೆಷಿನ್ನಿನೊಳಗೆ ಬೆರಳುದ್ದದ ಬಲ್ಬು. ಅದು ಸುಟ್ಟುಹೋದರೆ ಚಿತ್ರ ಓಡುತ್ತಲೇ ಇರುತ್ತದೆ, ಸದ್ದು ಮಾತ್ರ ನಿಲ್ಲುತ್ತದೆ. ಭಾವ ಸ್ಟೂಲಿನ ಮೇಲೆ ಕೂತು ಸಣ್ಣ ಕಿಂಡಿಯಿಂದ ಪರದೆ ನೋಡುತ್ತ ಆರಾಮವಾಗಿ ತಲೆದೂಗುತ್ತಿದ್ದರು. ಕ್ಯಾಬಿನ್ನಿನ ಸ್ಪೀಕರು ಸತ್ತಂತಿತ್ತು. ಹೆಗಲು ಮುಟ್ಟಿ ಬಲ್ಬಿನ ಕಡೆ ಕೈ ತೋರಿಸಿದೆ. ಅವರು ದಡಬಡಿಸಿ ಎದ್ದರು. ಹಳೆಯದನ್ನು ಬಟ್ಟೆಯಲ್ಲಿ ಹಿಡಿದು ತೆಗೆದು ಹೊಸದನ್ನು ಕೂರಿಸಲು ಅರ್ಧ ನಿಮಿಷ ಕೂಡ ತಗಲಲಿಲ್ಲ. ಕೆಳಗೆ ಪರದೆಯ ಮೇಲೆ ತೊಟ್ಟಿಯ ಮುಚ್ಚಳ ಧಡಾರನೆ ಬಿತ್ತು. ಇಡೀ ಹಾಲ್ ಕಿರುಚಿತು.

"ಈಗಷ್ಟೇ ಹೋಗಿರಬೇಕು ಕಣಮ್ಮಾ," ಅಂದರು ಭಾವ.

ಮೆಷಿನ್ನಿನ ಮೇಲಿನ ಗಡಿಯಾರ, ತಿರುಗಿದ ರೀಲು ಎರಡನ್ನೂ ನೋಡಿ ಹೇಳಿದೆ. "ಅವಳು ಮೆಟ್ಟಿಲಿಗೆ ಕಾಲಿಟ್ಟೇ ಆರು ನಿಮಿಷ ಆಗಿದೆ ಭಾವ."

ಅವರು ಸುಟ್ಟ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಒಂದು ವರ್ಷದಿಂದ ಅವರು ನನ್ನ ಫೋನ್ ಸರಿಯಾಗಿ ಎತ್ತುತ್ತಿರಲಿಲ್ಲ. 'ಗಲಾಟೆಯಲ್ಲಿ ಕೇಳಿಸಲಿಲ್ಲ' ಅನ್ನುತ್ತಿದ್ದರು. ಒಬ್ಬರೇ ಇರುವ ಮನೆಯಲ್ಲಿ ಯಾರ ಗಲಾಟೆ? ಗೊತ್ತಿದ್ದೂ ನಾನು ಕೇಳಿರಲಿಲ್ಲ. ಕೆಲಸ ಹೋದೀತು ಅಂತ ಅವರು ಮುಚ್ಚಿಟ್ಟರು, ಅವರ ಮಾನ ಹೋದೀತು ಅಂತ ನಾನು.

ಆಟ ಮುಗಿದ ಮೇಲೆ, ಟಿಕೆಟ್ ದುಡ್ಡು ವಾಪಸ್ ಕೇಳುತ್ತಾರೆ ಎಂದುಕೊಂಡು ಕೆಳಗಿಳಿದೆ. ಓನರಮ್ಮ ಬೀಗದ ಕೈ ಹಿಡಿದುಕೊಂಡೇ ಹೊರಗಿನ ಹಾಲಿಗೆ ಬಂದಿದ್ದರು. ನಾನು ಡಬ್ಬಿ ಸುರುವಿ ಟಿಕೆಟ್ಟುಗಳನ್ನು ಒಂದೊಂದಾಗಿ ಓದಿದೆ. 'ತೊಟ್ಟಿ ಮೆಟ್ಟಿಲು.' 'ಮೆಟ್ಟಿಲು, ಸದ್ದು ನಿಂತಾಗ.' 'ಮೆಟ್ಟಿಲು.' ಹನ್ನೊಂದಕ್ಕೆ ಹನ್ನೊಂದೂ ಅದೇ ಜಾಗ. ಸಂಘ ಹುಟ್ಟಿದಾಗಿನಿಂದ ಹೀಗೆ ಆಗಿರಲಿಲ್ಲ.

ಲಿಫ್ಟಪ್ಪ ಎದ್ದು ಮೇಡಂಗೆ ಕೈ ಮುಗಿದ. "ಸೋತೆ. ಪಕ್ಕದಲ್ಲಿದ್ದವರು ಯಾರೋ ಗೊತ್ತಿಲ್ಲ, ಅವರ ಕೈ ಹಿಡ್ಕೊಂಡು ಕೂತಿದ್ದೆ. ಅಷ್ಟು ಹೊತ್ತು ಸದ್ದೇ ಇಲ್ಲದೆ ಬಿಡೋಕೆ ಆ ಡೈರೆಕ್ಟರಿಗೆ ಎಂಥ ಗುಂಡಿಗೆ ಇರಬೇಕು! ಇವತ್ತಿನವರಿಗೆ ಆರು ಸೆಕೆಂಡೂ ಸುಮ್ಮನಿರೋಕೆ ಬರಲ್ಲ."

"ನಾನು ಹೇಳಿರಲಿಲ್ವಾ?" ಅಂದರು ಮೇಡಂ. "ಆ ಮೌನದಲ್ಲೇ ಇರೋದು ಎಲ್ಲ. ಏಳು ಸಲವೂ ನನಗೆ ಹಾಗೇ ಆಗಿದೆ."

ಬೆಳಿಗ್ಗೆ ಆ ಪಿಟೀಲು ಕೇಳಿದ್ದು ನನ್ನ ಇದೇ ಕಿವಿ. ಏಳು ಸಲ ನೋಡಿದವರೇ ಸಾಕ್ಷಿ ಹೇಳುತ್ತಿದ್ದಾರೆ.

ಲಿಫ್ಟಪ್ಪ ಓನರಮ್ಮನ ಕಡೆ ತಿರುಗಿದ. "ಅಮ್ಮಾ, ಬರೋ ವಾರ ಇದನ್ನೇ ಹಾಕಿ. ನಮ್ಮ ಕಂಪನಿಯಿಂದ ಇಪ್ಪತ್ತು ಜನರನ್ನ ನಾನು ಕರ್ಕೊಂಡು ಬರ್ತೀನಿ. ಆ ಮೆಟ್ಟಿಲನ್ನ ಅವರೂ ನೋಡಲಿ."

ಓನರಮ್ಮ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿದರು. "ಇಪ್ಪತ್ತು ಗ್ಯಾರಂಟಿ ಅಂದ್ರೆ ಇನ್ನೂ ನಾಲ್ಕು ವಾರ ನೋಡೋಣ."

ಅಷ್ಟರಲ್ಲಿ ಭಾವ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ನಿಂತರು. ಯಾರು ಏನು ಹೇಳುತ್ತಿದ್ದಾರೆ ಅನ್ನುವುದು ಅವರಿಗೆ ತಿಳಿಯುತ್ತಿರಲಿಲ್ಲ. ಎಲ್ಲರ ತುಟಿಗಳನ್ನು ಸರದಿಯ ಮೇಲೆ ನೋಡುತ್ತ, ಬೈಗುಳಕ್ಕೆ ತಯಾರಾದವರ ಹಾಗೆ ಕೈ ಕಟ್ಟಿಕೊಂಡಿದ್ದರು.

ಸುಮ್ಮನಿದ್ದುಬಿಡು ಅಂತ ಮನಸ್ಸು ಹೇಳಿತು. ಕೆಲಸ ತಾನಾಗಿಯೇ ಉಳಿದಿದೆ. ಆದರೆ ಮುಂದಿನ ವಾರ ಅದೇ ಜಾಗದಲ್ಲಿ ಪಿಟೀಲು ಕೇಳಿಬಂದರೆ ಇಪ್ಪತ್ತು ಜನರ ಮುಂದೆ ಲಿಫ್ಟಪ್ಪನ ಮುಖ ಏನಾಗಬೇಕು? ಬೇಕೆಂದೇ ಬಲ್ಬು ಕಿತ್ತಿಟ್ಟರೆ ಆಮೇಲೆ ಪ್ರತಿ ವಾರ ಏನೇನು ಕೀಳಬೇಕು? ಮತ್ತೊಮ್ಮೆ ಮಾತಿನ ದೃಶ್ಯದಲ್ಲೇ ಬಲ್ಬು ಹೋದರೆ ಅದನ್ನು ಯಾರೂ ಕಲೆ ಅನ್ನುವುದಿಲ್ಲ. ಶಿಳ್ಳೆ ಹೊಡೆಯುತ್ತಾರೆ, ಭಾವನಿಗೆ ಅದೂ ಕೇಳಿಸುವುದಿಲ್ಲ.

"ಡೈರೆಕ್ಟರನ ಗುಂಡಿಗೆ ಅಲ್ಲಾರೀ," ಅಂದೆ. "ಬಲ್ಬು ಸುಟ್ಟಿತ್ತು. ಅಲ್ಲಿ ಪಿಟೀಲು ಇದೆ. ಭಾವನಿಗೆ ಸದ್ದು ನಿಂತದ್ದು ಕೇಳಿಸಲಿಲ್ಲ. ಅವರ ಕಿವಿ ಮಂದವಾಗಿದೆ. ನನಗೂ ಗೊತ್ತಿತ್ತು, ಹೇಳಿರಲಿಲ್ಲ."

ಕೊನೆಯ ಮಾತನ್ನು ಭಾವನ ಮುಖ ನೋಡಿ, ಅವರಿಗೆ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದೆ. ಅವರು ತಲೆ ತಗ್ಗಿಸಿದರು. "ಹೌದು," ಅಂದರು. "ಎರಡು ವರ್ಷ ಆಯ್ತು."

ಒಂದು ವರ್ಷ ಎಂದುಕೊಂಡಿದ್ದೆ ನಾನು.

ಲಿಫ್ಟಪ್ಪ ಮೇಡಂ ಕಡೆ ನೋಡಿದ. "ಮತ್ತೆ ನೀವು ಏಳು ಸಲ?"

ಮೇಡಂ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. "ಮೊದಲ ಸಲ ನೋಡಿದಾಗ ನನಗೆ ಒಂಬತ್ತು ವರ್ಷ. ಆ ಮೆಟ್ಟಿಲು ಬಂದ ಕೂಡಲೇ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡೆ. ಆಮೇಲೆ ಪ್ರತಿ ಸಲವೂ ಅಷ್ಟೇ. ಇವತ್ತೂ ಮುಚ್ಚಿಕೊಂಡೇ ಇದ್ದೆ. ಅಲ್ಲಿ ಪಿಟೀಲು ಇದೆ ಅಂತ ನನಗೇನು ಗೊತ್ತು?"

ಮೊದಲು ನಕ್ಕವರು ಓನರಮ್ಮ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. "ಇವತ್ತಿನ ಕಾಫಿ ಮೇಡಂ ತಲೆಗೆ," ಅಂತ ಯಾರೋ ಕೂಗಿದರು. "ಸುಳ್ಳು ಬರೆದಿಲ್ಲ ನಾನು," ಅಂತ ಮೇಡಂ ವಾದಕ್ಕೆ ನಿಂತರು. "ಹೆದರಿದ್ದು ನಿಜ ತಾನೆ?"

"ಅದೇ ನನ್ನ ಪ್ರಶ್ನೆ," ಅಂದ ಲಿಫ್ಟಪ್ಪ. ಅವನ ಹುರುಪು ಇಳಿದಿರಲಿಲ್ಲ. "ಹೆದರಿದ್ದು ನಿಜ. ಹಾಗಾದರೆ ಯಾವುದು ಮೇಲು? ಅಮ್ಮಾ, ಬರೋ ವಾರ ಆ ರೀಲನ್ನ ಎರಡು ಸಲ ಹಾಕಿಸಿ. ಒಮ್ಮೆ ಸದ್ದಿಲ್ಲದೆ, ಒಮ್ಮೆ ಸದ್ದಿನ ಜೊತೆ. ಹೇಳಿಯೇ ಹಾಕೋಣ. ಟಿಕೆಟ್ಟಿನ ಹಿಂದೆ ಓಟು ಹಾಕಲಿ."

ಓನರಮ್ಮ ನಗು ನಿಲ್ಲಿಸಿದ್ದರು. "ಅದೆಲ್ಲ ಸರಿ. ಕಿವಿ ಕೇಳದವರ ಕೈಗೆ ಮೆಷಿನ್ ಕೊಟ್ಟು ಕೂರಲಾ?"

"ನನಗೆ ಕಣ್ಣಿದೆ," ಅಂದರು ಭಾವ. ಅದನ್ನು ಮಾತ್ರ ಹೇಗೋ ಕೇಳಿಸಿಕೊಂಡಿದ್ದರು.

"ಕಣ್ಣು ಸಾಕು," ಅಂದ ಲಿಫ್ಟಪ್ಪ. "ಗಂಟೆ ಕೇಳದವರಿಗೆ ಅಂತ ನಾವು ಲಿಫ್ಟಿನಲ್ಲಿ ದೀಪ ಹಾಕಲ್ವಾ? ಹಾಗೇ. ಸ್ಪೀಕರಿನ ತಂತಿಗೆ ಒಂದು ಸಣ್ಣ ಕೆಂಪು ದೀಪ ಕಟ್ಟಿಕೊಡ್ತೀನಿ. ಸದ್ದು ಇದ್ದಷ್ಟು ಹೊತ್ತು ಮಿನುಗುತ್ತೆ, ನಿಂತರೆ ಆರುತ್ತೆ. ಹಳೇ ಸಾಮಾನಿನಲ್ಲೇ ಆಗುತ್ತೆ, ಕಾಸಿಲ್ಲ."

ಕಾಸಿಲ್ಲ ಅಂದ ಮೇಲೆ ಓನರಮ್ಮ ಆ ನಾಲ್ಕು ವಾರಕ್ಕೆ ಒಪ್ಪಿಕೊಂಡರು. "ಕಿವಿಯನ್ನೂ ತೋರಿಸಿಕೊಂಡು ಬರಬೇಕು," ಅಂತ ಮಾತ್ರ ಷರತ್ತು ಹಾಕಿದರು. ಬುಧವಾರ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಬಲಗಿವಿಗೆ ಯಂತ್ರ ಕೂರಿಸಿದರು. ಎಡಗಿವಿಯ ಆಸೆ ಬಿಡಿ ಅಂದರು.

ಮುಂದಿನ ಭಾನುವಾರ ಐವತ್ತೇಳು ಹರಿದೆ. ಮೌನಕ್ಕೆ ಮೂವತ್ತೊಂದು ಓಟು, ಪಿಟೀಲಿಗೆ ಇಪ್ಪತ್ತಾರು. ಮೇಡಂ ಮೊದಲ ಬಾರಿಗೆ ಕಿವಿ ಬಿಟ್ಟುಕೊಂಡು ಕೂತಿದ್ದರು. ಅವರ ಓಟು ಪಿಟೀಲಿಗೆ. ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಹೋದದ್ದು ಒಂದು ಬಲ್ಬು, ಭಾವನ ಒಂದು ಕಿವಿ, ಎರಡು ವರ್ಷದ ಗುಟ್ಟು. ಸಿಕ್ಕಿದ್ದು ನಾಲ್ಕು ವಾರ, ಒಂದು ಕೆಂಪು ದೀಪ, ಹದಿನೇಳು ಟಿಕೆಟ್ ಲಾಭ. ಈಗ ನಾನು ಫೋನ್ ಮಾಡಿದರೆ ಭಾವ ಎರಡನೇ ರಿಂಗಿಗೇ ಎತ್ತುತ್ತಾರೆ.