ಬಿಸಿಲುಂಡ ಹಾಲು

ಜ್ವರ ಬಂದಿದೆ ಎಂದರೆ ಮೇಸ್ತ್ರಿ ಕಂಠೆಪ್ಪ ಬಯ್ಯುತ್ತಲೇ ಒಂದು ದಿನದ ರಜೆ ಕೊಡುತ್ತಿದ್ದ. ವಾಂತಿ ಭೇದಿ ಎಂದರೆ ಹೆದರಿ ತಾನೇ ಮನೆಗೆ ಕಳಿಸುತ್ತಿದ್ದ. ಕೂಸಿಗೆ ಹೊರಕಡೆ ಆಗಿಲ್ಲ ಎಂದು ರಜೆ ಕೇಳಿದ ಹೆಂಗಸನ್ನು ಮಾತ್ರ ಅವನು ಅದುವರೆಗೆ ಕಂಡಿರಲಿಲ್ಲ. ಮಂಗಲಾ ಕೇಳಿದಳು. ಅದೂ ಸ್ಲ್ಯಾಬ್ ಹಾಕುವ ದಿನ, ಮಿಕ್ಸರ್ ತಿರುಗಲು ಶುರುವಾದ ಮೇಲೆ. ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಠೆಪ್ಪ ನಗಲಿಲ್ಲ. ಕೂಸಿನದು ನಾಳೆಯಾದರೂ ಆದೀತು, ಸ್ಲ್ಯಾಬು ನಾಳೆಗೆ ನಿಲ್ಲುವುದಿಲ್ಲ ಎಂದು ಬುಟ್ಟಿ ತೋರಿಸಿದ.

ನಗುವವರಿಗೇನು ಗಂಟು ಹೋಗುತ್ತದೆ? ಕೂಸು ಮೊಣಕಾಲನ್ನು ಹೊಟ್ಟೆಗೆ ಮಡಚಿಕೊಂಡು, ಮುಖ ಕೆಂಪು ಮಾಡಿಕೊಂಡು ತಿಣುಕಿ ತಿಣುಕಿ ಕೊನೆಗೆ ಸೋತು ಅಳುವುದನ್ನು ಅವರು ನೋಡಿರಲಿಲ್ಲ. ಮಂಗಲಾ ಬೆಳಗಾಗುವ ಮುಂಚೆಯೇ ಅದನ್ನು ನೋಡಿ ಬಂದಿದ್ದಳು. ಬೇರೆ ದಾರಿಯಿಲ್ಲದೆ ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಸಾಲಿನಲ್ಲಿ ನಿಂತಳು. ಆ ದಿನ ಸಂಜೆಯವರೆಗೆ ಅವಳು ಹೊತ್ತ ಕಾಂಕ್ರೀಟಿನ ಪ್ರತಿ ಬುಟ್ಟಿಯ ಜೊತೆಗೂ ಆ ಕೆಂಪು ಮುಖ ಏಣಿ ಹತ್ತಿ ಇಳಿಯಿತು.

ಕೂಸಿನ ಹೆಸರು ಮುತ್ತು. ಆರು ತಿಂಗಳು ತುಂಬಿ ಅನ್ನ ಮುಟ್ಟಿಸಿದ್ದರು. ಗೋವಾದ ಸಾಂಕೋಲೆಯ ಗುಡ್ಡದ ಮೇಲೆ, ತಗಡಿನ ಸೂರಿನ ಸಾಲು ಖೋಲಿಗಳಲ್ಲಿ ಒಂದು ಅವರದು. ಮಂಗಲಾಳ ಗಂಡ ಮಾಂತೇಶ ಬಂದರಿನಲ್ಲಿ ಹಮಾಲಿ. ಹಡಗು ಬಂದರೆ ಎರಡು ಮೂರು ದಿನ ಮನೆಯ ಮುಖ ನೋಡುತ್ತಿರಲಿಲ್ಲ. ಮಂಗಲಾ ಮತ್ತೆ ಕೆಲಸಕ್ಕೆ ಹೊರಟಾಗ ಕೂಸು ನೋಡಿಕೊಳ್ಳಲೆಂದು ಅವನ ತಾಯಿ ಲಕ್ಷ್ಮವ್ವ ತಾಳಿಕೋಟೆ ಕಡೆಯ ಹಳ್ಳಿಯಿಂದ ಬಂದಳು. ಅತ್ತೆ ಎಂದ ಕೂಡಲೇ ಹಲ್ಲು ಕಡಿಯುವ ಮುದುಕಿಯನ್ನು ಕಲ್ಪಿಸಿಕೊಳ್ಳುವವರು ಇಲ್ಲೇ ನಿಲ್ಲಲಿ. ಲಕ್ಷ್ಮವ್ವ ಸೊಸೆಗೆ ಬಿಸಿ ರೊಟ್ಟಿ ಹಾಕಿ ತಾನು ತಂಗಳು ತಿನ್ನುತ್ತಿದ್ದವಳು. ಮೊಮ್ಮಗನನ್ನು ಚಾಪೆಯ ಮೇಲೆ ಮಲಗಿಸಿದರೆ ಇರುವೆ ಬಂದೀತೆಂದು ದಿನವಿಡೀ ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದಳು. ಕೆಟ್ಟದ್ದೆಲ್ಲ ಕೆಟ್ಟವರಿಂದಲೇ ಆಗುವುದಾಗಿದ್ದರೆ ಈ ಲೋಕದಲ್ಲಿ ಬದುಕುವುದು ಎಷ್ಟೋ ಸುಲಭವಿತ್ತು.

ಆಕೆಯದು ಒಂದೇ ಕಟ್ಟುನಿಟ್ಟು. ಸಂಜೆ ಮಂಗಲಾ ಗುಡ್ಡ ಹತ್ತಿ ಬಂದಾಗ, ತಾಯಿಯ ದನಿ ಕೇಳಿ ಕೂಸು ಎರಡೂ ಕೈ ಚಾಚುತ್ತಿತ್ತು. ಲಕ್ಷ್ಮವ್ವ ಬಾಗಿಲಲ್ಲಿ ಅಡ್ಡ ನಿಂತು ಕೊಡುತ್ತಿರಲಿಲ್ಲ.

"ಬಿಸಲಾಗಿಂದ ಬಂದೀದಿ. ಹಂಗ ಎದಿಗೆ ಹಾಕ್ಕೋಬ್ಯಾಡ. ಮದ್ಲ ಹಿಂಡಿ ಚೆಲ್ಲು" ಎನ್ನುತ್ತಿದ್ದಳು.

ಬಿಸಿಲಲ್ಲಿ ದುಡಿದ ಹೆಂಗಸಿನ ಎದೆಯಲ್ಲಿ ಹಾಲು ಕಾಯುತ್ತದೆ, ಕಾದ ಹಾಲು ಕೂಸಿನ ಕರುಳು ಸುಡುತ್ತದೆ ಎನ್ನುವುದು ಅವರ ಕಡೆಯ ನಂಬಿಕೆ. ಮಂಗಲಾಳ ತವರಿನಲ್ಲೂ ಅದೇ ರೂಢಿ, ಅವಳ ತಾಯಿ ಮಾಡುತ್ತಿದ್ದದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಹಾಗಾಗಿ ಎದುರಾಡಲಿಲ್ಲ. ಖೋಲಿಯ ಹಿಂದೆ ಹೋಗಿ ಬಚ್ಚಲ ಗಟಾರಕ್ಕೆ ಹಾಲು ಹಿಂಡಿ ಚೆಲ್ಲುತ್ತಿದ್ದಳು. ತಣ್ಣೀರು ಮೈಮೇಲೆ ಹಾಕಿಕೊಂಡು, ಮೈ ಆರುವವರೆಗೆ ನೆರಳಿನಲ್ಲಿ ಕೂರುತ್ತಿದ್ದಳು. ಒಳಗೆ ಕೂಸು ಅಳುತ್ತಿತ್ತು. ಅಳುವ ಕೂಸನ್ನು ಸುಮ್ಮನಾಗಿಸಲು ಲಕ್ಷ್ಮವ್ವ ಗಂಜಿ ಉಣ್ಣಿಸುತ್ತಿದ್ದಳು. ಚಮಚ ನೆಟ್ಟರೆ ಬೀಳದಷ್ಟು ಗಟ್ಟಿ ಅಕ್ಕಿಯ ಗಂಜಿ. ತೆಳ್ಳಗೆ ಮಾಡಿದರೆ ಕೂಸಿನ ಮೈಗೆ ಹತ್ತುವುದಿಲ್ಲವಂತೆ. ಇಲ್ಲವಾದರೆ ಚಹಾದಲ್ಲಿ ಅದ್ದಿದ ಬಿಸ್ಕಿಟ್. ಹೊಟ್ಟೆ ಬಿರಿಯುವಂತೆ ಉಂಡು ಕೂಸು ನಿದ್ದೆ ಹೋಗುತ್ತಿತ್ತು. ಮಂಗಲಾಳ ಮೈ ಆರಿದಾಗ ಕುಡಿಯುವವನೇ ಎಚ್ಚರ ಇರುತ್ತಿರಲಿಲ್ಲ. ಗಂಜಿಯ ಭಾರಕ್ಕೆ ರಾತ್ರಿಯೂ ಏಳುತ್ತಿರಲಿಲ್ಲ, ಬೆಳಗ್ಗೆ ಏಳುವ ಮುಂಚೆಯೇ ಅವಳು ಗುಡ್ಡ ಇಳಿದಿರುತ್ತಿದ್ದಳು.

ಇನ್ನು ನೀರಿನ ಸುದ್ದಿ. ಗುಡ್ಡದ ಮೇಲಿನವರಿಗೆಲ್ಲ ಟ್ಯಾಂಕರಿನ ನೀರೇ ಗತಿ. ಡ್ರಮ್ಮಿನ ತಳದಲ್ಲಿ ಕೆಂಪು ರಾಡಿ ನಿಲ್ಲುತ್ತಿತ್ತು. ಅದನ್ನು ನೋಡಿದ ದಿನವೇ ಲಕ್ಷ್ಮವ್ವ ಈ ಊರಿನ ನೀರಿನ ಹನಿಯೊಂದೂ ಕೂಸಿನ ಬಾಯಿಗೆ ಬೀಳಬಾರದೆಂದು ನಿಶ್ಚಯಿಸಿದಳು. ಕಾಯಿಸಿ ಆರಿಸಿದರೆ ಆಗುತ್ತದೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹೀಗೆ ಏಪ್ರಿಲ್ ತಿಂಗಳ ಗೋವಾದ ಬೇಗೆಯಲ್ಲಿ, ತಗಡಿನ ಕೆಳಗೆ, ಆ ಕೂಸು ಹಾಲೂ ಇಲ್ಲದೆ ನೀರೂ ಇಲ್ಲದೆ ಬರೀ ಗಟ್ಟಿ ಉಂಡು ಬದುಕುತ್ತಿತ್ತು. ಎಲ್ಲರೂ ಅದನ್ನು ಪ್ರೀತಿಯಿಂದಲೇ ಒಣಗಿಸಿದರು.

ಮೊದಮೊದಲು ಮುತ್ತುವಿಗೆ ಗಟ್ಟಿಯಾಗಿ ಆಗುತ್ತಿತ್ತು. ಆಮೇಲೆ ಆಡಿನ ಹಿಕ್ಕೆಯಂತೆ ಒಂದೆರಡು. ಆಮೇಲೆ ಅದೂ ನಿಂತಿತು. ಲಕ್ಷ್ಮವ್ವ ತನಗೆ ಗೊತ್ತಿದ್ದನ್ನೆಲ್ಲ ಮಾಡಿದಳು. ಹೊಕ್ಕಳ ಸುತ್ತ ಇಂಗು ತೇಯ್ದು ಹಚ್ಚಿದಳು, ಔಡಲೆಣ್ಣೆ ಹಚ್ಚಿ ಹೊಟ್ಟೆ ತಿಕ್ಕಿದಳು, ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿ ಹಿಂದಿನಿಂದ ಇಟ್ಟು ನೋಡಿದಳು. ಹೊಟ್ಟೆ ತುಂಬಿದ್ದರೆ ತಾನಾಗಿ ನೂಕುತ್ತದೆ ಎಂದು ಇನ್ನೂ ಒಂದು ಬಟ್ಟಲು ಗಂಜಿ ಹೆಚ್ಚಿಗೆ ಉಣ್ಣಿಸಿದಳು. ಪಕ್ಕದ ಖೋಲಿಯ ಲಾಡಬಿ ನಾಲ್ಕು ಮಕ್ಕಳನ್ನು ಸಾಕಿದವಳು. ಸಾಬೂನಿನ ಚೂರನ್ನು ನುಣ್ಣಗೆ ಕೆತ್ತಿ ಇಟ್ಟರೆ ಕೂಡಲೇ ಆಗುತ್ತದೆಂದು ಅವಳೂ ಒಂದು ಮಾತು ಸೇರಿಸಿದಳು. ಕೇಡು ಬಯಸಿ ಹೇಳಿದ್ದಲ್ಲ ಅದು. ಸ್ಲ್ಯಾಬಿನ ದಿನ ಮಧ್ಯಾಹ್ನ ಕೂಸಿನ ಅಳು ತಡೆಯಲಾರದೆ ಲಕ್ಷ್ಮವ್ವ ಬಟ್ಟೆ ಒಗೆಯುವ ಸಾಬೂನನ್ನೇ ಕೆತ್ತಿದಳು.

ಸಂಜೆ ಮಂಗಲಾ ಬಂದಾಗ ಬಾಗಿಲಲ್ಲಿ ಯಾರೂ ಅಡ್ಡ ನಿಂತಿರಲಿಲ್ಲ. ಲಕ್ಷ್ಮವ್ವ ಒಳಗೆ ಗೋಡೆಗೆ ಆತು ಕೂತಿದ್ದಳು. ತೊಡೆಯ ಮೇಲಿನ ಕೂಸು ಅಳುವ ಶಕ್ತಿಯೂ ಇಲ್ಲದೆ ಮುಲುಗುತ್ತಿತ್ತು. ಪಕ್ಕದಲ್ಲಿದ್ದ ಬಟ್ಟೆಯ ಮೇಲೆ ಕಲ್ಲಿನಂಥ ಒಂದು ಉಂಡೆ, ಅದರ ಸುತ್ತ ರಕ್ತ. ಮಂಗಲಾ ಕೈಕಾಲು ತೊಳೆಯಲಿಲ್ಲ, ಹಿಂಡಿ ಚೆಲ್ಲಲಿಲ್ಲ. ಸಿಮೆಂಟು ಮೆತ್ತಿದ ಕೈಯಲ್ಲೇ ಕೂಸನ್ನು ಎತ್ತಿಕೊಂಡಳು. ಹೊಟ್ಟೆ ಮುಟ್ಟಿದರೆ ಹಲಗೆ ಮುಟ್ಟಿದ ಹಾಗಿತ್ತು. ಲಾಡಬಿಯ ಗಂಡ ರಾಜಮಹ್ಮದ ಆಗಷ್ಟೇ ಬಾಡಿಗೆ ಮುಗಿಸಿ ಟೆಂಪೊ ನಿಲ್ಲಿಸುತ್ತಿದ್ದ. ಅವನೇ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಮಂಗಲಾ ಅತ್ತೆಯ ಕಡೆ ಒಮ್ಮೆಯೂ ತಿರುಗಲಿಲ್ಲ. ಇಷ್ಟು ದಿನ ಹೌದ್ರಿ ಹೌದ್ರಿ ಎಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆ ಬಂದಿತ್ತು, ಅತ್ತೆಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಸರಕಾರಿ ದವಾಖಾನೆಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕೊಂಕಣಿಯಲ್ಲಿ ಮಾತು ಶುರುಮಾಡಿ, ಇವರ ಮುಖ ನೋಡಿ ಹಿಂದಿಗೆ ಬದಲಾಯಿಸಿದಳು. ಕೂಸಿನ ಹೊಟ್ಟೆ ಒತ್ತಿ ನೋಡಿದಳು, ವಾಂತಿಯಾಗಿದೆಯೇ ಎಂದು ಕೇಳಿದಳು, ಹಿಂದೆ ಸಣ್ಣದೊಂದು ಸೀಳು ಬಿದ್ದಿದೆ ಎಂದಳು. ಮಕ್ಕಳಿಗೆಂದೇ ಇರುವ ಮೆತ್ತನೆಯ ಒಂದು ಔಷಧದ ಬತ್ತಿಯನ್ನು ಹಿಂದಿನಿಂದ ಇಟ್ಟಳು. ಸ್ವಲ್ಪ ಹೊತ್ತಿಗೆಲ್ಲ ಮುತ್ತು ಒಮ್ಮೆ ಜೋರಾಗಿ ಚೀರಿತು, ಆಮೇಲೆ ಆಯಿತು. ಎಷ್ಟು ದಿನದ್ದೋ ಏನೋ, ಲಕ್ಷ್ಮವ್ವನ ಮಡಿಲೆಲ್ಲ ಆಯಿತು. ಮುದುಕಿ ಸೀರೆಯನ್ನೂ ಒರೆಸಿಕೊಳ್ಳದೆ ಕಂಡ ಕಂಡ ದೇವರಿಗೆಲ್ಲ ಕೈಮುಗಿದಳು. ಸರದಿಯಲ್ಲಿ ಕೂತವರು ಮೂಗು ಮುಚ್ಚಿಕೊಂಡರು.

ಡಾಕ್ಟರಮ್ಮ ಒಂದೊಂದೇ ಕೇಳುತ್ತ ಹೋದಳು. ಏನು ಉಣ್ಣಿಸುತ್ತೀರಿ, ನೀರು ಎಷ್ಟು ಕೊಡುತ್ತೀರಿ ಎಂದಳು. ಉತ್ತರ ಕೇಳಿ ಹಣೆ ಒತ್ತಿಕೊಂಡಳು. ಗಂಜಿ ತೆಳ್ಳಗಿರಲಿ, ಬೇಳೆ, ಸೊಪ್ಪು, ಮಾಗಿದ ಪಪ್ಪಾಯಿ ಹಿಸುಕಿ ಕೊಡಿ, ಚಹಾ ಬಿಸ್ಕಿಟ್ ಬೇಡವೇ ಬೇಡ. ಊಟದ ಜೊತೆಗೆ ಕಾಯಿಸಿ ಆರಿಸಿದ ನೀರು ಚಮಚದಲ್ಲಿ. ಮನೆಯಲ್ಲಿ ಹಿಂದಿನಿಂದ ಏನನ್ನೂ ಇಡಬಾರದು. ಹೊಟ್ಟೆ ಉಬ್ಬಿದರೆ, ವಾಂತಿಯಾದರೆ, ಮತ್ತೆ ರಕ್ತ ಕಂಡರೆ ಕೂಡಲೇ ತರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಎದೆಹಾಲು, ಕೂಸು ಬೇಡಿದಾಗಲೆಲ್ಲ. ಆಗ ಮಂಗಲಾ ತಾನು ಬಿಸಿಲಿನಿಂದ ಬರುತ್ತೇನೆ ಎಂದಳು. ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಮಂಗಲಾ ತನ್ನ ಮುರುಕು ಹಿಂದಿಯಲ್ಲಿ ಹಿಂಡಿ ಚೆಲ್ಲುವ ಸಂಗತಿ ಬಿಡಿಸಿ ಹೇಳಿದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು. ಬಿಸಿಲಿಗೆ ಹಾಲು ಕಾಯುವುದೂ ಇಲ್ಲ, ಕೆಡುವುದೂ ಇಲ್ಲ, ಕೈ ತೊಳೆದು ಹಾಗೆಯೇ ಕುಡಿಸಬಹುದು ಎಂದಳು. ಕೂಸಿಗೆ ಬೇಕಿದ್ದ ನೀರು ಆ ಹಾಲಿನಲ್ಲೇ ಇತ್ತಲ್ಲ ಎಂದೂ ಹೇಳಿದಳು. ಬಯ್ಯಲಿಲ್ಲ. ಬೈದಿದ್ದರೆ ಮಂಗಲಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೊರಗೆ ಬೆಂಚಿನ ಮೇಲೆ ಕೂತು ಟೆಂಪೊ ಕಾಯುವಾಗ, ಹಿಂದಿ ಬಾರದ ಲಕ್ಷ್ಮವ್ವ, ಡಾಕ್ಟರಮ್ಮ ಏನಂದಳೆಂದು ಕೇಳಿದಳು. ಮಂಗಲಾ ಒಂದನ್ನೂ ಬಿಡದೆ ಹೇಳಿದಳು, ಹಾಲಿನ ಮಾತನ್ನು ಒತ್ತಿ ಒತ್ತಿ ಹೇಳಿದಳು. ಮುದುಕಿ ಮೊದಲು ನಕ್ಕಳು. ಆ ಹುಡುಗಿ ಒಂದಾದರೂ ಹೆತ್ತಿದ್ದಾಳೇನು ಎಂದಳು. ಆಮೇಲೆ ಸೊಸೆಯ ಸೆರಗು ಹಿಡಿದು ಜಗ್ಗಿದಳು.

"ಅಕಿಗೆ ಇನ್ನೊಮ್ಮಿ ಕೇಳಿ ಬಾ. ಹೊಲದಾಗ ದುಡದ ಬಂದಾಕಿ ಹಾಲೂ ಹಂಗನಾ ಅಂತ."

ಹೊಲವಾದರೇನು ಸೈಟಾದರೇನು ಎಂದು ಮಂಗಲಾ ಸಿಡುಕಿದಳು. ಲಕ್ಷ್ಮವ್ವ ಬಿಡಲಿಲ್ಲ. ಕೊನೆಗೆ ತಾನೇ ಎದ್ದು ಹೋಗಿ, ಬಾಗಿಲಲ್ಲಿದ್ದ ನರ್ಸಿನ ಮುಂದೆ ಕನ್ನಡದಲ್ಲೇ ಕೇಳುತ್ತ ನಿಂತಳು. ಆ ನರ್ಸು ಕಾರವಾರದ ಕಡೆಯವಳಿರಬೇಕು. ಯಾರದಾದರೂ ಅಷ್ಟೇ ಅಜ್ಜಿ ಎಂದು ಕನ್ನಡದಲ್ಲೇ ಉತ್ತರ ಕೊಟ್ಟು ಒಳಗೆ ಹೋದಳು.

ಮುದುಕಿ ತಿರುಗಿ ಬಂದು ಕೂತಳು. ಸೊಸೆಯ ಮುಖ ನೋಡದೆ ಹೇಳತೊಡಗಿದಳು.

"ನಂದಾ ಅಂತ ಒಂದು ಹೆಣ್ಣಕೂಸಿತ್ತು ನನಗ. ನಿನ್ನ ಗಂಡನಕಿಂತ ಮದ್ಲ. ಶೇಂಗಾ ಕೀಳಾಕ ಹೋಗಿದ್ನಿ. ಭಾಳ ಅಳಾಕತ್ತಿತ್ತು. ಹಿಂಡಿ ಚೆಲ್ಲಲಿಲ್ಲ, ಹಂಗ ಕುಡಿಸಿಬಿಟ್ನಿ."

ಸಂಜೆಗೆ ಕೂಸಿಗೆ ವಾಂತಿ ಶುರುವಾಯಿತಂತೆ. ಮಾರನೆಯ ದಿನ ಹೋಗಿಬಿಟ್ಟಿತಂತೆ. ನಿನ್ನ ಹಾಲೇ ಕೊಂದಿತು ಎಂದು ಆಕೆಯ ಅತ್ತೆ ಹೆಣದ ಮುಂದೆಯೇ ಅಂದಳಂತೆ. ಓಣಿಯೆಲ್ಲ ಅದನ್ನೇ ಅಂದಿತು. ಗಂಡ ಏನೂ ಅನ್ನಲಿಲ್ಲ, ಆದರೆ ವರ್ಷಗಟ್ಟಲೆ ಆಕೆಯ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ಮಾಂತೇಶ ಹುಟ್ಟಿದ ಮೇಲೆ ಅವನಿಗೆ ಎದೆ ಕೊಡಲು ಹೆದರಿ ಆಡಿನ ಹಾಲು ಹಾಕಿ ಬೆಳೆಸಿದಳು. ಇಷ್ಟನ್ನೂ ಲಕ್ಷ್ಮವ್ವ ಅಳದೆ ಹೇಳಿದಳು. ಅತ್ತು ಮುಗಿದು ಬಹಳ ಕಾಲವಾಗಿತ್ತು. ಮಂಗಲಾ ಕೇಳಿಸಿಕೊಂಡಳು, ಆದರೆ ಅವಳ ಲಕ್ಷ್ಯವೆಲ್ಲ ತೋಳಿನಲ್ಲಿ ನಿದ್ದೆಹೋದ ಕೂಸಿನ ಮೆತ್ತಗಾದ ಹೊಟ್ಟೆಯ ಮೇಲಿತ್ತು. ಅಷ್ಟರಲ್ಲಿ ಟೆಂಪೊ ಬಂತು.

ಮರುದಿನದಿಂದ ಲಕ್ಷ್ಮವ್ವ ಬೇರೆಯೇ ಹೆಂಗಸಾದಳು. ನೀರು ಕುದಿಸಿ ಆರಿಸಿ ಮುಚ್ಚಿಟ್ಟಳು. ಪಪ್ಪಾಯಿಯನ್ನು ಗಂಟಿಲ್ಲದಂತೆ ಹಿಸುಕಿದಳು. ಸಂಜೆ ಸೊಸೆಯ ಹೆಜ್ಜೆ ಸಪ್ಪಳ ಕೇಳಿದರೆ ಕೂಸನ್ನು ಎತ್ತಿಕೊಂಡು ಅಂಗಳಕ್ಕೇ ಓಡಿ ಬರುತ್ತಿದ್ದಳು. ಕೈ ತೊಳೆಯಲು ಚೊಂಬು ಹಿಡಿದುಕೊಂಡೇ ಬರುತ್ತಿದ್ದಳು. ಮುತ್ತುವಿಗೆ ದಿನ ಬಿಟ್ಟು ದಿನ ಸಲೀಸಾಗಿ ಆಗತೊಡಗಿತು, ಅಳುವೂ ನಿಂತಿತು. ಅಷ್ಟರಮಟ್ಟಿಗೆ ಎಲ್ಲವೂ ಸರಿಹೋಯಿತು ಎನ್ನಬೇಕು.

ಹಾಲು ಮಾತ್ರ ತಿರುಗಿ ಬರಲಿಲ್ಲ. ಕೂಸು ಚೀಪದೆ ಬಿಟ್ಟ ಎದೆ ಅದು. ಮಂಗಲಾ ದಿನಾ ಕುಡಿಸಲು ಕೂತಳು. ಮೆಂತ್ಯದ ಗಂಜಿ ಕುಡಿದಳು, ಲಾಡಬಿ ತಂದುಕೊಟ್ಟ ಸಬ್ಬಸಿಗೆ ತಿಂದಳು. ಮುತ್ತು ಬಾಯಿ ಹಾಕಿ ಎಳೆಯುತ್ತಿತ್ತು, ನಾಲ್ಕು ಹನಿ ಸಿಕ್ಕಿ ನಿಂತ ಮೇಲೆ ತಲೆ ಹಿಂದಕ್ಕೆಸೆದು ಚೀರುತ್ತಿತ್ತು. ಆಗೆಲ್ಲ ಅವಳಿಗೆ ಗಟಾರದಲ್ಲಿ ಸಾಬೂನಿನ ನೀರಿನ ಜೊತೆ ಬೆಳ್ಳಗೆ ಹರಿದುಹೋದದ್ದು ಕಣ್ಣಿಗೆ ಕಟ್ಟುತ್ತಿತ್ತು.

ಅಂಥದೇ ಒಂದು ಸಂಜೆ, ಬರಿದಾದ ಎದೆಗೆ ಮುಖ ತಿಕ್ಕಿ ಕೂಸು ಅಳುತ್ತಿದ್ದಾಗ ಲಕ್ಷ್ಮವ್ವ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತಳು. ಬಹಳ ದಿನದಿಂದ ಈ ಮಾತನ್ನು ನಾಲಿಗೆಯ ಮೇಲಿಟ್ಟುಕೊಂಡು ತಿರುಗಾಡುತ್ತಿದ್ದಳು.

"ಮಂಗಲಾ, ನನ್ನ ನಂದಾ ನನ್ನ ಹಾಲಿಗೆ ಸತ್ತಿದ್ದಲ್ಲ, ಹೌದಿಲ್ಲ? ನೀ ಒಂದ ಮಾತು ಹೇಳವ್ವಾ."

ಅಲ್ಲ ಎನ್ನುವುದು ಮಂಗಲಾಳಿಗೆ ಗೊತ್ತಿತ್ತು. ಡಾಕ್ಟರಮ್ಮ ಹೇಳಿದ್ದಳು, ನರ್ಸು ಹೇಳಿದ್ದಳು. ಮುದುಕಿಗೂ ಗೊತ್ತಿತ್ತು. ಆದರೆ ಹೊರಗಿನವರು ಹೇಳಿದ್ದು ಆಕೆಗೆ ಸಾಲದು, ಮನೆಯವರ ಬಾಯಿಂದ ಬರಬೇಕಿತ್ತು. ಮನೆಯವರೇ ಅಂದದ್ದನ್ನು ಮನೆಯವರೇ ತೆಗೆಯಬೇಕಿತ್ತು. ಅಲ್ಲ ಅತ್ತಿ ಎಂದರೆ ಸಾಕು, ಅಷ್ಟು ವರ್ಷದ ಕಲ್ಲು ಆಕೆಯ ಎದೆಯಿಂದ ಇಳಿಯುತ್ತಿತ್ತು. ಮಂಗಲಾ ಬಾಯಿ ತೆರೆದಳು ಕೂಡ. ಅದೇ ಹೊತ್ತಿಗೆ ಮುತ್ತು ಎದೆ ಬಿಟ್ಟು ಚೀರಿತು.

"ನನಗೇನ ಗೊತ್ರಿ" ಎಂದಳು.

ಲಕ್ಷ್ಮವ್ವ ಹೌದು ಹೌದು ಎಂದು ತಲೆಯಾಡಿಸಿದಳು. ನೆಲಕ್ಕೆ ಕೈಯೂರಿ ಎದ್ದು, ಕೂಸಿಗೆ ಆರಿಸಿಟ್ಟ ನೀರು ತರಲು ಒಳಗೆ ಹೋದಳು.