ಯಲ್ಲಾಲಿಂಗನ ಬುತ್ತಿಚೀಲ

ವಕೀಲರು ಫೋನಿನಲ್ಲಿ ತೋರಿಸಿದ ವಿಡಿಯೋದಲ್ಲಿ ತಹಮೀನಾಳೇ ನಿಂತಿದ್ದಳು. ಮಾನ್ವಿಯಲ್ಲಿ ಅವಳ ಅಬ್ಬಾನ ಭತ್ತದ ಅಂಗಡಿ, ಎರಡು ವರ್ಷದ ಹಿಂದೆ ಫಾತಿಹಾ ಓದಿಸಿದ ದಿನ. ಚೀಲ ಬಿಚ್ಚದೆ, ಹೊರಗಿನಿಂದ ತಟ್ಟಿ, ಆ ಸದ್ದಿನಿಂದಲೇ ಒಳಗಿನ ಭತ್ತದ ತೇವ ಹೇಳುವ ಯಂತ್ರವನ್ನು ಅವಳು ಕಂಡುಹಿಡಿದಿದ್ದಳು. ಹೊಸ ಯಂತ್ರಕ್ಕೆ ಪ್ರಾರ್ಥನೆ ಮಾಡಿಸಿ ಸಕ್ಕರೆ ಹಂಚದೆ ಇರಲಾದೀತೆ? "ಹುಡುಗಿ ಆಟದ ಸಾಮಾನು ಮಾಡ್ಯಾಳ" ಎಂದು ನಕ್ಕ ದಲಾಲರ ಬಾಯಿ ಮುಚ್ಚಿಸಲು ಅವಳು ಯಂತ್ರದ ಮುಚ್ಚಳ ತೆಗೆದು, ಒಂದೊಂದು ತುಂಡನ್ನೂ ಬಿಡಿಸಿ ಹೇಳಿದ್ದಳು. ಅಬ್ಬಾ ಇಮಾಮಹುಸೇನ ಹೆಮ್ಮೆಯಿಂದ ಅದನ್ನು ಯೂಟ್ಯೂಬಿಗೆ ಹಾಕಿದ್ದರು. ಪೇಟೆಂಟಿಗೆ ಅವಳು ಅರ್ಜಿ ಹಾಕಿದ್ದು ಅದಾಗಿ ಎಂಟು ತಿಂಗಳಿಗೆ.

"ಅರ್ಜಿಗಿಂತ ಮೊದಲಾ ಊರಿಗೆಲ್ಲ ತೋರಿಸೀರಿ. ಇನ್ನ ಹಕ್ಕು ಎಲ್ಲೀದು?" ಎಂದರು ವಕೀಲರು. ಹೈದರಾಬಾದಿನ ಕಂಪನಿಯೊಂದು ಈ ವಿಡಿಯೋ ನೋಡಿಯೇ ಯಂತ್ರ ಮಾಡಿತ್ತು, ಅವಳು ಹೂಡಿದ ಕೇಸಿನಲ್ಲಿ ಇದನ್ನೇ ಸಾಕ್ಷಿಗೂ ಇಟ್ಟಿತ್ತು.

ಆ ನಕಲು ಯಂತ್ರ ಪೇಟೆಗೆ ಬಂದ ದಿನ ಗುಟ್ಟು ಮಾರಿದ ಕಳ್ಳನೆಂದು ತಹಮೀನಾ ಹೊರಗೆ ಹಾಕಿದ್ದು ತನ್ನ ಮೆಕ್ಯಾನಿಕ್ ಯಲ್ಲಾಲಿಂಗನನ್ನು. ರಾಯಚೂರಿನ ತನ್ನ ಕಾರ್ಖಾನೆಯ ಬಾಗಿಲಲ್ಲಿ, ಹನ್ನೆರಡು ಜನರ ಎದುರು, ಅವನ ಬುತ್ತಿಚೀಲ ತಡಕಿಸಿದ್ದಳು. ಸಿಕ್ಕಿದ್ದು ಎರಡು ಜೋಳದ ರೊಟ್ಟಿ, ಪುಂಡಿಪಲ್ಯ.

"ಒಂದು ದಾರಿ ಅದ. ವಿಡಿಯೋ ಮಾಡಿದವರು ಯಾರು?" ಎಂದು ವಕೀಲರು ಕೇಳಿದರು.

"ಯಲ್ಲಾಲಿಂಗ. ಅಬ್ಬಾ ತಮ್ಮ ಫೋನ್ ಅವನ ಕೈಗೆ ಕೊಟ್ಟಿದ್ರು."

"ಹಂಗಾದ್ರ ಕೆಲಸ ಆತು ಬಿಡ್ರಿ. ನಿಮ್ಮನ್ನ ಕೇಳಲಾರದ ನಾನಾ ಯೂಟ್ಯೂಬಿಗೆ ಹಾಕೀನಿ ಅಂತ ಅವನು ಸಹಿ ಮಾಡಿಕೊಟ್ರ ಕೇಸು ಉಳೀಬಹುದು."

ಇದಕ್ಕೆ ಛೀ ಅನ್ನಬೇಕಿತ್ತು. ಅವಳು ಆ ಮಾತನ್ನೇ ವಕೀಲರಿಂದ ಬರೆಸಿ, ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ದೇವದುರ್ಗದ ಬಸ್ಸು ಹತ್ತಿದಳು. ಕ್ಷಮೆ ಕೇಳುವುದಕ್ಕೂ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬಸ್ ನಿಲ್ದಾಣದ ಹಿಂದೆ ಯಲ್ಲಾಲಿಂಗ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದ. ವ್ಯಾಪಾರಿಯೊಬ್ಬ ಅದೇ ನಕಲು ಯಂತ್ರ ಹಿಡಿದು, ಬಿಚ್ಚಿ ರಿಪೇರಿ ಮಾಡಿಕೊಡೆಂದು ಅವನ ಜೊತೆ ಜಗಳಕ್ಕೆ ನಿಂತಿದ್ದ.

"ಆಗಂಗಿಲ್ರೀ. ಈ ಕೆಲಸದ ಗುಟ್ಟು ಯಾರಿಗೂ ಹೇಳಂಗಿಲ್ಲ, ಯಾರ ಮುಂದೂ ಬಿಚ್ಚಂಗಿಲ್ಲಂತ ಸಹಿ ಮಾಡೀನಿ. ಐದು ವರ್ಷ" ಎಂದು ಯಲ್ಲಾಲಿಂಗ ಅವನನ್ನು ಸಾಗಹಾಕಿದ.

ಕೆಲಸದಿಂದ ಅಟ್ಟಿದವಳಿಗೆ ಕೊಟ್ಟ ಮಾತನ್ನು ಈ ಮನುಷ್ಯ ಇನ್ನೂ ಕಾಯುತ್ತ ಕೂತಿದ್ದ!

ಅವಳನ್ನು ಕಂಡು ಎದ್ದ. "ಬರ್ರಿ ಮೇಡಂ" ಎಂದು ಸ್ಟೂಲು ಒರೆಸಿ, ಚಹಾ ತರಿಸಿದ.

"ತಪ್ಪಾತು ಯಲ್ಲಾಲಿಂಗ. ಕದ್ದಾವ ನೀ ಅಲ್ಲಂತ ಗೊತ್ತಾತು."

ಅವನ ಕಣ್ಣು ತುಂಬಿತು. "ಇದನ್ನ ಆ ಹನ್ನೆರಡು ಮಂದಿ ಮುಂದ ಹೇಳ್ತೀರೇನ್ರೀ?"

ತಹಮೀನಾ ಬ್ಯಾಗಿನಿಂದ ಕಾಗದ ತೆಗೆದಳು. "ಕಾರ್ಖಾನಿ ಉಳೀಬೇಕಂದ್ರ ನಿಂದೊಂದು ಸಹಿ ಬೇಕು."

ಅವನು ಎರಡು ಸಲ ಓದಿದ. ಸಿಟ್ಟಾಗಿದ್ದರೆ ಅವಳಿಗೆ ಹಗುರಾಗುತ್ತಿತ್ತು, ಅವನು ಸಿಟ್ಟಾಗಲಿಲ್ಲ. ಸಹಿ ಮಾಡದೆ, ಗ್ರೀಸು ತಾಗದಂತೆ ಕಾಗದ ಮಡಚಿ ಅವಳ ಮುಂದಿಟ್ಟ.

"ಅವತ್ತ ನನ್ನ ಚೀಲದಾಗ ಏನೂ ಸಿಗಲಿಲ್ರೀ. ಅದಕ್ಕ ಇವತ್ತ ಕಳವಿನ ಮಾಲು ನೀವಾ ತಂದು ಇಡಾಕತ್ತೀರಿ."